ಅಕ್ಕನ ತರಬೇತಿ, ನನ್ನ ರೊಟ್ಟಿ

ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ನನ್ನ ತಾಟಿಗೆ ಇಡೀ ರೊಟ್ಟಿ ಬೀಳುತ್ತಲೇ ಇರಲಿಲ್ಲ. ಮನೆಯಲ್ಲಿ ಜೋಳಕ್ಕೇನೂ ಕೊರತೆಯಿರಲಿಲ್ಲ. ಕಾಟವೆಲ್ಲ ಅಕ್ಕನ ತರಬೇತಿಯದು.

ಸುರೇಬಾನದ ಹತ್ತಿರದ ನಮ್ಮ ಹಳ್ಳಿಯ ಶಾಲೆಗೆ ಅಕ್ಕ ಒಬ್ಬಳೇ ಟೀಚರು. ತರಬೇತಿಗೆಂದು ಅವಳು ಬೆಳಗಾವಿಗೆ ಹೋಗಿ ಕುಳಿತರೆ ಶಾಲೆಗೆ ಬೀಗವೇ ಗತಿ. ಅದಕ್ಕೇ ದೂರಶಿಕ್ಷಣ ಹಿಡಿದಳು. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಆಗೀಗ ರಾಮದುರ್ಗಕ್ಕೆ ಹೋಗಿ, ಅಲ್ಲಿ ಟಿವಿಯಲ್ಲಿ ಬರುವ ಪಾಠ ನೋಡಿ ಬರುತ್ತಿದ್ದಳು. ಕಲಿತದ್ದರ ಮೊದಲ ಪ್ರಯೋಗ ಮಾತ್ರ ನನ್ನ ಮೇಲೆ, ಅದೂ ಊಟದ ಹೊತ್ತಿಗೆ! ಎಣ್ಣೆಗಾಯಿಯ ಘಮ ಮೂಗಿಗೆ ಬಡಿಯುತ್ತಿತ್ತು, ಬಾಯಿಗೆ ಏನೂ ಬೀಳುತ್ತಿರಲಿಲ್ಲ.

ಅಕ್ಕ ನನ್ನ ರೊಟ್ಟಿಯನ್ನು ಹರಿದು ಹಿಡಿಯುತ್ತಿದ್ದಳು. “ಅರ್ಧದಾಗ ಅರ್ಧ ಎಷ್ಟು? ಹೇಳು, ಆಮ್ಯಾಲೆ ಉಣ್ಣು.”

“ಅಪ್ಪಾ, ನೋಡ್ರಿ ಇಕಿನ್ನ! ರೊಟ್ಟಿ ಆರಾಕ ಹತ್ತೈತಿ!”

ಅಪ್ಪ ತಮ್ಮ ತಾಟನ್ನು ಮೆಲ್ಲಗೆ ಆಚೆ ಸರಿಸಿಕೊಳ್ಳುತ್ತಿದ್ದರು.

ಕೊನೆಗೆ ಅಕ್ಕ ಪಾಠ ಮಾಡುವುದನ್ನು ನೋಡಲು ಪರೀಕ್ಷಕರು ಶಾಲೆಗೆ ಬರುವ ದಿನ ಬಂತು. ಅವರೆದುರು ಪಾಠ ಕೆಟ್ಟರೆ ಅಕ್ಕ ನಪಾಸು, ಅವಳ ಕೆಲಸವೂ ಹೋಗುತ್ತದೆ, ಶಾಲೆಗೆ ಬೀಗ ಬಿದ್ದು ನಾವು ಮಕ್ಕಳೆಲ್ಲ ಬಿಸಿಲಲ್ಲಿ ಸುರೇಬಾನದ ಶಾಲೆಗೆ ನಡೆಯಬೇಕು. ಅಕ್ಕ ಮೆತ್ತನೆಯ ರೊಟ್ಟಿಯನ್ನು ಮೇಜಿನ ಮೇಲೆ ಹರವಿಟ್ಟಳು. ಪರೀಕ್ಷಕರ ಬಸ್ಸು ತಡವಾಯಿತು. ಅವರು ಬರುವಷ್ಟರಲ್ಲಿ ಒಣ ಗಾಳಿಗೆ ರೊಟ್ಟಿ ಹಪ್ಪಳದಂತಾಗಿತ್ತು. ನಾಲ್ಕು ಪಾಲು ಮಾಡಲೆಂದು ಅಕ್ಕ ಮಡಚಿದಳು. ಪಟ್ಟೆಂದು ಚೂರುಚೂರಾಯಿತು.

ಅಕ್ಕನ ಮುಖ ಬಿಳಿಚಿತು. ನನಗೆ ಅಳುವಿಗಿಂತ ಸಿಟ್ಟೇ ಬಂತು. ಇಷ್ಟು ದಿನ ನಾನು ಆರಿದ ರೊಟ್ಟಿ ತಿಂದದ್ದು ಇದಕ್ಕೇನು? ಎದ್ದು ಹೋಗಿ ಚೂರುಗಳನ್ನೇ ನಾಲ್ಕು ಗುಂಪು ಮಾಡತೊಡಗಿದೆ. ಮಕ್ಕಳೆಲ್ಲ ಮುತ್ತಿಕೊಂಡರು.

“ಅದು ಸಣ್ಣದಾತು! ಇದರಾಗಿಂದು ಒಂದ್ ಚೂರು ಅತ್ತಾಗ ಹಾಕು!”

ಅಕ್ಕನಿಗೆ ಜೀವ ಬಂತು. “ಸಮ ಆಗೂತನಕ ಬಿಡಬ್ಯಾಡ್ರಿ. ಹಾಂ, ಈಗ ಒಂದು ಗುಂಪಿಗೆ ಏನಂತೀರಿ?”

“ಕಾಲು ರೊಟ್ಟಿ!”

ಪರೀಕ್ಷಕರು ನಕ್ಕು ಒಂದು ಗುಂಪನ್ನು ಎತ್ತಿ ಬಾಯಿಗೆ ಹಾಕಿಕೊಂಡರು. “ಈಗೆಷ್ಟು ಉಳೀತ್ರೋ?”

“ಮುಕ್ಕಾಲು!” ಎಂದು ಶಾಲೆಯ ಸೂರು ಹಾರಿಹೋಗುವಂತೆ ಕೂಗಿದೆವು. ಅಕ್ಕ ಪಾಸಾದಳು. ಅಂದು ನನಗಾದ ಹೆಮ್ಮೆಯನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ಆ ಶಾಲೆಗೆ ಬೀಗ ಬೀಳಲೇ ಇಲ್ಲ. ಈಗಲೂ ಬೆಳಿಗ್ಗೆ ಅದರ ಬಾಗಿಲು ತೆರೆಯುವವಳು ಅವಳೇ. ಹೌದು ಮಕ್ಕಳೇ, ನಿಮ್ಮಜ್ಜಿಯೇ ಆ ಅಕ್ಕ, ನಾನು ಅವಳ ತಂಗಿ. ನಿಮಗೆ ಪಾಠ ಮೊಬೈಲಿನಲ್ಲಿ ಬರುತ್ತದೆ, ಬೇಸರವಾದರೆ ಬಂದ್ ಮಾಡುತ್ತೀರಿ. ಪಿಜ್ಜಾ ಕೊಯ್ದುಕೊಂಡೇ ಬರುತ್ತದೆ. ನನ್ನ ತಾಟಿಗೆ ಮಾತ್ರ ನಿನ್ನೆಯೂ ಬಿದ್ದದ್ದು ಮುಕ್ಕಾಲು ರೊಟ್ಟಿ. ಉಳಿದ ಕಾಲನ್ನು ಕೈಯಲ್ಲಿ ಹಿಡಿದು ಅವಳು ನಿಮಗೆ ಲೆಕ್ಕ ಹೇಳುತ್ತಿದ್ದಳು.