ದೊಡ್ಡಮ್ಮನ ಬೆರಳಿಗೆ ಸಿಕ್ಕ ಬೆಳಕು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ನಾನು ರಸಾಯನಶಾಸ್ತ್ರ ಓದಿದವಳು. ಅಳೆದು ನೋಡದೆ ಏನನ್ನೂ ನಂಬಬೇಡಿ ಎಂದು ಕಾಲೇಜಿನ ಮಕ್ಕಳಿಗೆ ಪಾಠ ಹೇಳುವವಳು. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಬೆಳಕು ಸೂಸುವ ನ್ಯಾನೋಕಣಗಳು ನನ್ನ ವಿಷಯ. ಬರಿಗಣ್ಣಿಗಿರಲಿ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣವು. ಅವು ಮೈಯೊಳಗೆ ರೋಗವಿರುವ ಕಡೆ ಹೋಗಿ ಕೂತು ಮಿನುಗಿದರೆ ಗೆಡ್ಡೆ ಎಲ್ಲಿದೆ ಎಂದು ಡಾಕ್ಟರಿಗೆ ಕಾಣುತ್ತದೆ. ಮುಂದೊಂದು ದಿನ ಅವೇ ಔಷಧಿಯನ್ನೂ ಹೊತ್ತೊಯ್ದಾವು ಎಂಬ ಆಸೆ ನಮ್ಮದು. ನಾನು ಆ ಕಣಗಳನ್ನು ಮಾಡುತ್ತಿದ್ದುದು ಕಡಲೆಕಾಯಿ ಸಿಪ್ಪೆಯಿಂದ. ಸಿಪ್ಪೆ ಸುಟ್ಟು, ನೀರಿನಲ್ಲಿ ಕಾಯಿಸಿ, ಸೋಸಿ ತೆಗೆದ ದ್ರವ ನೋಡಲು ನೀರಿನ ಹಾಗೇ ಇರುತ್ತದೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಮಾತ್ರ ನೀಲಿಯಾಗಿ ಹೊಳೆಯುತ್ತದೆ.

ಸಿಪ್ಪೆ ತರಲು ನಾನು ಹೋಗುತ್ತಿದ್ದುದು ಗೌಡಗೆರೆಗೆ, ದೊಡ್ಡಮ್ಮನ ಮನೆಗೆ. ದೊಡ್ಡಮ್ಮ ಎಂದರೆ ನಮ್ಮ ಅಮ್ಮನ ಅಕ್ಕ ರುದ್ರಮ್ಮ. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿ ಗಿರಿಜಳನ್ನೂ ಸಾಕಿದವಳು. ಕಣ್ಣಿನ ನರ ಒಣಗಿಹೋಗಿ ಅವಳಿಗೆ ಎಷ್ಟೋ ವರ್ಷಗಳಿಂದ ಬೆಳಕೂ ಒಂದೇ, ಕತ್ತಲೂ ಒಂದೇ. ಆದರೂ ಊರಿನ ಅರ್ಧದಷ್ಟು ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆದ ಕೈ ಅವಳದು. ಆ ಸಲ ಗಿರಿಜ ಚೊಚ್ಚಲ ಹೆರಿಗೆಯಾಗಿ ಅಲ್ಲೇ ಇದ್ದಳು. ತಾಯಿಗೂ ಮಗುವಿಗೂ ದಿನಾ ದೊಡ್ಡಮ್ಮನೇ ಎರೆಯುತ್ತಿದ್ದಳು.

ನನ್ನ ಕೆಲಸ ಏನೆಂದು ಇವರಿಗೂ ತೋರಿಸೋಣ ಎಂದು ಚೀಲದಲ್ಲಿ ಕೆಲವು ಪುಟ್ಟ ಸೀಸೆಗಳನ್ನು ಇಟ್ಟುಕೊಂಡು ಹೋಗಿದ್ದೆ. ಅರ್ಧದಲ್ಲಿ ಕಣಗಳು, ಇನ್ನರ್ಧದಲ್ಲಿ ಹೋಲಿಸಿ ನೋಡಲು ಬರೀ ನೀರು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಬಾಗಿಲು ಮುಚ್ಚಿ ಕತ್ತಲು ಮಾಡಿ ಟಾರ್ಚ್ ಹಿಡಿದೆ.

“ಅಯ್ಯೋ ಅಕ್ಕಾ, ಮಿಂಚುಹುಳ ಹಿಂಡಿ ತುಂಬ್ದಂಗೈತಲ್ಲೇ!” ಎಂದಳು ಗಿರಿಜ.

ದೊಡ್ಡಮ್ಮ ಕೈ ಚಾಚಿದಳು. “ನಂಗೂ ಒಂದು ಕೊಡಮ್ಮ. ಮುಟ್ಟಿಯಾದ್ರೂ ನೋಡ್ತೀನಿ.”

ಹೇಳಲು ನಾಚಿಕೆಯಾಗುತ್ತದೆ. ಚೆಲ್ಲಿಬಿಟ್ಟಾಳೆಂದು ಹೆದರಿ, ಬರೀ ನೀರಿನ ಸೀಸೆಯನ್ನು ಅವಳ ಕೈಗಿಟ್ಟು “ಇದೇ ನೋಡು” ಎಂದೆ. ಅವಳು ಹೆಬ್ಬೆರಳಲ್ಲಿ ಒಮ್ಮೆ ಸವರಿದಳು.

“ಲೇ, ಇದು ಬರೀ ನೀರು ಕಣಮ್ಮ. ಕುರುಡೀಗೆ ಟೋಪಿ ಹಾಕ್ತೀಯಾ?”

ನಿಜವಾದ ಸೀಸೆಯನ್ನು ಕೊಟ್ಟೆ. ಅವಳು ಅದನ್ನೂ ಹೆಬ್ಬೆರಳಲ್ಲಿ ಸವರಿದಳು. ಆಮೇಲೆ ಮೆಲ್ಲಗೆ, “ಇದ್ರಾಗೆ ಐತೆ. ಬೆರಳ ತುದಿ ಜುಮ್ ಅಂತದೆ” ಎಂದಳು.

ಟಾರ್ಚ್ ಆರಿಸಿದೆ. ಎಲ್ಲ ಸೀಸೆಗಳನ್ನೂ ಮೊರಕ್ಕೆ ಹಾಕಿ, ಯಾವುದು ಯಾವುದೆಂದು ನನಗೇ ತಿಳಿಯದ ಹಾಗೆ ಕತ್ತಲಲ್ಲಿ ಕಲಸಿ ಅವಳ ಮುಂದಿಟ್ಟೆ. ಗಾಜು, ಮುಚ್ಚಳ, ಅಳತೆ ಎಲ್ಲ ಒಂದೇ. ಅವಳು ಕಾಳು ಆರಿಸುವ ಹಾಗೆ ಎರಡು ಗುಂಪು ಮಾಡಿದಳು. ಟಾರ್ಚ್ ಹಾಕಿ ನೋಡಿದರೆ ಒಂದು ಗುಂಪು ಪೂರ್ತಿ ನೀಲಿ, ಇನ್ನೊಂದರಲ್ಲಿ ಏನೂ ಇಲ್ಲ. ಮತ್ತೆ ಕಲಸಿ ಕೊಟ್ಟೆ. ಮತ್ತೂ ಹಾಗೇ.

ಮೂರನೆಯ ಸಲ ಕಲಸುವಾಗ ದೊಡ್ಡಮ್ಮ ನನ್ನ ಕೈ ಹಿಡಿದಳು. “ಇಂಥದ್ದೇ ಜುಮ್ಮು ನಮ್ ಗಿರಿಜನ ಕುತ್ಗೇಲೂ ಐತೆ ಕಣಮ್ಮ. ಎಡಗಡೆ. ಎಣ್ಣೆ ಹಚ್ಚುವಾಗೆಲ್ಲ ಸಿಗ್ತದೆ. ಬಾಣಂತಿ ವಾಯು ಇರ್ಬೇಕು ಅಂತ ಸುಮ್ಕಿದ್ದೆ.”

“ಬುಡು ದೊಡ್ಡಮ್ಮ, ಸುಮ್ಸುಮ್ಕೆ ಹೆದರುಸ್ಬ್ಯಾಡ” ಎಂದು ಗಿರಿಜ ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೆಯ ದಿನ ಮಗುವಿನ ಲಸಿಕೆಯ ನೆಪ ಮಾಡಿ ತಂಗಿಯನ್ನು ಶಿರಾಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಕುತ್ತಿಗೆ ಒತ್ತಿ ಒತ್ತಿ ನೋಡಿ, “ಏನೂ ಸಿಗ್ತಿಲ್ಲವಲ್ಲಮ್ಮ, ಯಾಕೆ ಅನುಮಾನ?” ಎಂದರು. ಏನು ಹೇಳಲಿ? ನಮ್ಮ ಮನೆತನದಲ್ಲಿ ಥೈರಾಯ್ಡ್ ಗೆಡ್ಡೆ ಇದೆ ಎಂದು ಸುಳ್ಳು ಹೇಳಿ ಸ್ಕ್ಯಾನ್ ಬರೆಸಿಕೊಂಡೆ. ಥೈರಾಯ್ಡ್ ಗ್ರಂಥಿಯ ಎಡಭಾಗದಲ್ಲಿ, ಹಿಂದುಗಡೆ, ಹೆಸರುಕಾಳಿನಷ್ಟು ಗಂಟು ಕಂಡಿತು. ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದು ಬಂತು. ಆ ವಾರವೆಲ್ಲ ಗಿರಿಜ ಮಗುವನ್ನು ಎದೆಯಿಂದ ಕೆಳಗಿಳಿಸಲಿಲ್ಲ. ದೊಡ್ಡಮ್ಮ ಮಾತ್ರ “ಆಡಬಾರದ ಮಾತು ಆಡ್ಬುಟ್ಟೆ” ಎಂದು ಊಟ ಬಿಟ್ಟು ಕೂತಿದ್ದಳು. ಆಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾವಿಬ್ಬರೂ ಅವಳಿಗೆ ತುತ್ತು ಮಾಡಿ ತಿನ್ನಿಸಬೇಕಾಯಿತು.

ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅರ್ಧ ಗ್ರಂಥಿ ತೆಗೆದರು. ಎಲ್ಲಿಗೂ ಹರಡಿರಲಿಲ್ಲ. “ಇಷ್ಟು ಬೇಗ ಹೇಗೆ ಗೊತ್ತಾಯ್ತು?” ಎಂದು ಅಲ್ಲಿನ ಡಾಕ್ಟರು ಅಚ್ಚರಿಪಟ್ಟರು. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ, ಅದರ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ.

ಜೀವಮಾನವೆಲ್ಲ ಮೈ ತಿಕ್ಕಿದ ಕೈಗೆ ಗಂಟು ಸಿಕ್ಕಿರಬಹುದು ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಮುಚ್ಚಿದ ಗಾಜಿನೊಳಗಿನ ಕಣ ಬೆರಳಿಗೆ ಹೇಗೆ ಸಿಕ್ಕೀತು? ಗಂಟೇನೂ ಹೊಳೆಯುತ್ತಿರಲಿಲ್ಲ, ಮತ್ತೆ ಎರಡೂ ಒಂದೇ ಎಂದು ಹೇಗೆ ಅನ್ನಿಸಿತು? ಕೆಲವು ತಿಂಗಳ ನಂತರ ಅದೇ ಸೀಸೆಗಳನ್ನು ಕೊಟ್ಟು ನೋಡಿದೆ. ಅವಳು ಎಲ್ಲವನ್ನೂ ತಡವಿ, “ಎಲ್ಲಾ ನೀರೇ ಕಣಮ್ಮ” ಎಂದು ಮೊರ ಪಕ್ಕಕ್ಕೆ ಸರಿಸಿದಳು. ಟಾರ್ಚ್ ಹಾಕಿದರೆ ಅರ್ಧ ಸೀಸೆಗಳು ಹೊಳೆಯುತ್ತಲೇ ಇದ್ದವು.

ಈಗಲೂ ಊರಿಗೆ ಹೋದಾಗ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾಳೆ. ಅವಳ ಬೆರಳು ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಗೆ ಇಳಿಯುತ್ತದೆ. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಒಂದೊಂದು ಸಲ ಬೆರಳು ಎಲ್ಲೋ ಒಂದು ಕಡೆ ಚೂರು ನಿಂತು ಮುಂದೆ ಹೋಗುತ್ತದೆ. ಏನು ಎಂದು ನಾನು ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ.