ಸೋರಿಕೆ ಕೇಳುವ ಕಿವಿ

ನಮ್ಮ ಭಾವನಿಗೆ ಕೋಪ ಮೂಗಿನ ತುದಿಯಲ್ಲಿ, ಕಸುಬು ಕಿವಿಯಲ್ಲಿ. ಇಪ್ಪತ್ತೇಳು ವರ್ಷದಿಂದ ಹಳೆ ಕಾರುಗಳ ಎಸಿ ರಿಪೇರಿ ಮಾಡುತ್ತಿದ್ದಾರೆ. ಅವರ ಪಕ್ಕದಲ್ಲೇ ನನ್ನದು ಬೆಲ್ಟು, ಪೈಪು ಮಾರುವ ಪುಟ್ಟ ಅಂಗಡಿ. ಅಕ್ಕನ ಗಂಡ ಅಂತ ಗೌರವ ಕೊಡಬೇಕು; ಗಿರಾಕಿ ಕಳಿಸುತ್ತಾರೆ ಅಂತ ಇನ್ನೂ ಸ್ವಲ್ಪ ಜಾಸ್ತಿ ಕೊಡಬೇಕು. ಹಾಗಾಗಿ ಈ ಕಥೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ಹೇಡಿ ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಎಸಿ ಬಿಸಿಗಾಳಿ ಊದುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಗ್ಯಾಸ್ ಎಲ್ಲೋ ಸೋರಿರುತ್ತದೆ. ಎಲ್ಲಿ ಎಂದು ಹುಡುಕಲು ಎದುರಿನ ಅಂಗಡಿಯವನ ಹತ್ತಿರ ಪೀಂ ಪೀಂ ಅನ್ನುವ ಮಷೀನಿದೆ. ಭಾವನ ಹತ್ತಿರ ಒಂದು ಮಾರುದ್ದದ ರಬ್ಬರ್ ಪೈಪಿದೆ. ಎಸಿಯೊಳಗೆ ನೈಟ್ರೋಜನ್ ತುಂಬಿ, ಫ್ಯಾನು ಆರಿಸಿ, ಸುತ್ತ ನಿಂತವರಿಗೆಲ್ಲ ಉಸಿರೂ ಬಿಡಬೇಡಿ ಎಂದು ಗದರಿ, ರಬ್ಬರಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಜಾಯಿಂಟಿನಿಂದ ಜಾಯಿಂಟಿಗೆ ಒಯ್ಯುತ್ತಾರೆ. ಸುಸ್ ಎಂದಲ್ಲಿ ಸೋರಿಕೆ. ಆಮೇಲೆ ಅಲ್ಲಿ ಸೋಪಿನ ನೊರೆ ಬಳಿದು ಗುಳ್ಳೆ ತೋರಿಸುವುದು ಬರೀ ಗಿರಾಕಿಯ ಸಮಾಧಾನಕ್ಕೆ. ಮಷೀನು ತಗೊಳ್ಳಿ ಎಂದವರಿಗೆ, ದೇವರು ಕೊಟ್ಟಿದ್ದು ಎರಡಿದೆ, ಮೂರನೆಯದು ಯಾಕೆ ಎನ್ನುತ್ತಿದ್ದರು.

ಆ ಎರಡೂ ಕೈಕೊಟ್ಟು ಎರಡು ವರ್ಷವಾಗಿತ್ತು. ಭಾವ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ ಎಂದು ಊರನ್ನೇ ದೂರುತ್ತಿದ್ದರು. ಗಾಡಿ ಯಾವಾಗ ಸಿಗುತ್ತದೆ ಎಂದವನೊಬ್ಬನಿಗೆ, ಮಗಳು ಚೆನ್ನಾಗಿದ್ದಾಳೆ ಎಂದರು. ಅವರಿಗಿರುವುದು ಇಬ್ಬರು ಗಂಡುಮಕ್ಕಳು. ಮಧ್ಯಾಹ್ನ ಊಟ ತರುವ ಅಕ್ಕ ಒಂದು ಗಂಟೆ ಹೆಚ್ಚಿಗೆ ಕೂತು, ಗಿರಾಕಿಗಳು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟು ಗಂಡನ ಮಾನ ಕಾಪಾಡುತ್ತಿದ್ದಳು. ಅದಕ್ಕೂ ಬೈಗುಳವೇ: ಗಾಡಿ ವಿಷಯ ನಿನಗೇನು ಗೊತ್ತು, ಮನೆಗೆ ನಡಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಅಲ್ಲ.

ಹೀಗಿರುವಾಗ ರಿಟೈರಾದ ಹೆಡ್‌ಮಿಸ್ಸೊಬ್ಬರ ಹತ್ತೊಂಬತ್ತು ವರ್ಷದ ಕಾರು ಬಂತು. ಭಾವ ಎರಡು ಸಲ ಸೋರಿಕೆ ಇಲ್ಲವೆಂದು ಗ್ಯಾಸ್ ತುಂಬಿ ಕಳಿಸಿದರು. ಎರಡು ಸಲವೂ ವಾರದೊಳಗೆ ಬಿಸಿಗಾಳಿ. ಮೂರನೇ ಸಲ ಕಾರು ಬಿಟ್ಟು ಹೊರಟ ಹೆಡ್‌ಮಿಸ್ ನನ್ನ ಅಂಗಡಿ ಮುಂದೆ ನಿಂತು, ಸಂಜೆ ಐದಕ್ಕೆ ಬರುತ್ತೇನೆ, ಈ ಸಲವೂ ಆಗದಿದ್ದರೆ ಎದುರಿನವನಿಗೇ ಕೊಡುತ್ತೇನೆ ಎಂದರು. ನಮ್ಮೂರಲ್ಲಿ ಕಾರಿಟ್ಟವರಲ್ಲಿ ಅರ್ಧ ಜನ ಅವರಿಂದ ಕಿವಿ ಹಿಂಡಿಸಿಕೊಂಡವರು. ಅವರು ರಸ್ತೆ ದಾಟಿದರೆ ಆ ಅರ್ಧ ಊರೂ ಹಿಂದೆಯೇ ದಾಟುತ್ತದೆ. ಆಮೇಲೆ ಭಾವ ಶಟರ್ ಎಳೆಯುವುದೊಂದೇ ಬಾಕಿ.

ಭಾವನಿಗೂ ಅದು ಗೊತ್ತಿತ್ತು. ನೈಟ್ರೋಜನ್ ತುಂಬಿದರು. ಮೀಟರಿನ ಮುಳ್ಳು ಕೂದಲೆಳೆಯಷ್ಟೇ ಕೆಳಗಿಳಿಯುತ್ತಿತ್ತು, ಅಂದರೆ ಸೋರುತ್ತಿದೆ. ಬಾನೆಟ್ಟಿನೊಳಗೆ ತಲೆ ಹಾಕಿ ಎರಡು ಗಂಟೆ ಆಲಿಸಿದರು. ಕೊನೆಗೆ ಸೋಲೊಪ್ಪದೆ ಕೈಗೆಟುಕಿದ ಕಡೆಯೆಲ್ಲ ನೊರೆ ಬಳಿದರು. ಇಂಜಿನ್ನಿಗೆ ತಲೆಸ್ನಾನವಾಯಿತೇ ಹೊರತು ಒಂದು ಗುಳ್ಳೆ ಏಳಲಿಲ್ಲ. ನಾನು ನೋಡಿಯೂ ನೋಡದವನ ಹಾಗೆ ಬೆಲ್ಟು ಎಣಿಸುತ್ತ ಕೂತೆ.

ಅಷ್ಟರಲ್ಲಿ ಅಕ್ಕ ಊಟ ತಂದಳು. ಇದ್ದೊಂದು ಕುರ್ಚಿಯ ಮೇಲೆ ಯಾರದೋ ಕಂಪ್ರೆಸರ್ ಕೂತಿತ್ತು. ಕಾಲು ನೋವೆಂದು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಕೂತವಳು ಎರಡೇ ನಿಮಿಷಕ್ಕೆ ಇಳಿದು ಬಂದು ಭಾವನ ತೋಳು ಜಗ್ಗಿದಳು.

"ರೀ, ಒಳಗೆ ನನ್ನ ಮೊಣಕಾಲ ಹತ್ರ ಸುಸ್ ಅಂತಿದೆ."

ಅವರಿಗೆ ಕೇಳಿಸಲಿಲ್ಲ. ಬೈಯಲು ಬಾಯಿ ತೆರೆದವರ ಬೆರಳನ್ನೇ ಹಿಡಿದು ಎಳೆದೊಯ್ದು ಡ್ಯಾಶ್‌ಬೋರ್ಡಿನ ಕೆಳಗೆ ಮುಟ್ಟಿಸಿದಳು. ಭಾವ ಗೊಣಗುತ್ತಲೇ ಅಲ್ಲಿದ್ದ, ಸಾಮಾನಿಡುವ ಡಬ್ಬಿ ಬಿಚ್ಚಿದರು. ಅದರ ಹಿಂದೆ ಕೂಲಿಂಗ್ ಕಾಯಿಲಿಗೆ ಪೈಪು ಸೇರುವಲ್ಲಿ ನೊರೆ ಬಳಿದರು. ಬುಳುಬುಳು ಗುಳ್ಳೆ. ಭಾವ ಗುಳ್ಳೆ ನೋಡುವುದು ಬಿಟ್ಟು ಅಕ್ಕನ ಮುಖವನ್ನೇ ನೋಡಿದರು.

"ನಿಂಗೆ ಕೇಳಿಸ್ತಾ?"

ಅಕ್ಕ ತಲೆಯಾಡಿಸಿದಳು. ಅವತ್ತು ಊಟದ ಹೊತ್ತಿಗೆ ಬೈಗುಳವಿರಲಿಲ್ಲ. ನನ್ನ ಅಂಗಡಿಯಿಂದಲೇ ಒಂದು ರಬ್ಬರ್ ರಿಂಗ್ ಹೋಯಿತು. ಹಾಕಿದ ಮೇಲೆ ಮೀಟರಿನ ಮುಳ್ಳು ಮಿಸುಕಾಡಲಿಲ್ಲ.

ಐದಕ್ಕೆ ಸರಿಯಾಗಿ ಹೆಡ್‌ಮಿಸ್ ಬಂದು ಕಾರಿನೊಳಗೆ ಕೂತರು. ತಣ್ಣನೆ ಗಾಳಿಗೆ ಮುಖವೊಡ್ಡಿ, ಹಿಂದಿನ ಬೆಂಚಿಗೂ ಕೇಳಿಸುವ ಆ ದನಿಯಲ್ಲಿ, ಅಂತೂ ನಿಮ್ಮ ಕಿವಿಗೆ ಸಮ ಇಲ್ಲ ಬಿಡಿ ಎಂದರು. ಉತ್ತರ ಕೊಡಲು ಅಕ್ಕ ಎಂದಿನಂತೆ ಮುಂದೆ ಬಂದಳು. ಭಾವ ಕೈ ಅಡ್ಡ ಹಿಡಿದರು.

"ಕಿವಿ ಇವಳದು, ಮಿಸ್. ನಂಗೆ ಎರಡು ವರ್ಷದಿಂದ ಸರಿಯಾಗಿ ಕೇಳಿಸ್ತಿಲ್ಲ."

ನಾನು ಎಣಿಸುತ್ತಿದ್ದ ಬೆಲ್ಟುಗಳ ಲೆಕ್ಕ ತಪ್ಪಿತು.

"ಗೊತ್ತು ಕಣ್ರೀ. ಹೋದ ವಾರ ನಿಮ್ಮನ್ನ ಬಾಯಿಗೆ ಬಂದಂಗೆ ಬೈದೆ. ನೀವು ಥ್ಯಾಂಕ್ಸ್ ಮಿಸ್ ಅಂದ್ರಿ."

ಹಾಗೆಂದು ಹೆಡ್‌ಮಿಸ್ ಕಿಟಕಿ ಏರಿಸಿಕೊಂಡು ಹೊರಟರು. ರಸ್ತೆ ದಾಟಲಿಲ್ಲ. ನಾನು ನಕ್ಕೆ, ಅಕ್ಕ ನಕ್ಕಳು, ಭಾವ ಮಾತ್ರ ಬಟ್ಟೆ ತಗೊಂಡು ಕೈ ಒರೆಸಿಕೊಂಡರು. ಆಮೇಲೆ ಅತ್ತ ತಿರುಗಿಕೊಂಡೇ ಅಕ್ಕನಿಗೆ ಹೇಳಿದರು:

"ನಾಳೆಯಿಂದ ಬೆಳಿಗ್ಗೇನೇ ಬಂದ್ಬಿಡು."

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ," ಅಕ್ಕ ತನ್ನಷ್ಟಕ್ಕೇ ಗೊಣಗಿದಳು.

ಉತ್ತರ ಕೇಳಿಸದೆ ಭಾವ ತಿರುಗಿದರು. "ಏನಂದೆ?"

ಎರಡು ವರ್ಷದಲ್ಲಿ ಅವರು ಯಾರನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು. ಅಕ್ಕ ಹತ್ತಿರ ಹೋಗಿ, ಅವರ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದಳು:

"ಬರ್ತೀನಿ ಅಂದೆ."