ತೀರ್ಥಹಳ್ಳಿಯವರಿಗೆ ಬಾಯಿಪಾಠವಾಗಿದ್ದ ನಂಬರು

ಸಾಗರದಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದಾಗ ನಮಗೆ ಹೊಸ ಫೋನು ಬಂತು. ಹಳೆಯದು ಮಾಲೀಕರದು, ಅವರು ಬೀಗ ಹಾಕಿದ ಆ ಮನೆಯಲ್ಲೇ ಉಳಿಯಿತು. "ನಮ್ಮ ಹೊಸ ನಂಬರ್ ಎಕ್ಸ್‌ಚೇಂಜಿನವ್ರಿಗೆ ಗೊತ್ತಲ್ಲ, ಮತ್ಯಾರಿಗೆ ಎಂತ ಹೇಳೂದು?" ಎಂದರು ಅಪ್ಪ. ಊರಿಗೆಲ್ಲ ಡಂಗುರ ಸಾರಿಸಿದಷ್ಟು ನಿಶ್ಚಿಂತೆ ಅವರಿಗೆ.

ಅಕ್ಕನನ್ನು ತೀರ್ಥಹಳ್ಳಿ ಕಡೆ ಕೊಟ್ಟಿತ್ತು. ಅವಳ ಮನೆಯಲ್ಲಿ ಫೋನಿಲ್ಲ, ಸಂತೆಯ ದಿನ ಪೇಟೆಗೆ ಬಂದಾಗ ಅಲ್ಲಿನ ಆಪರೇಟರ್ ಮೂಲಕ ಟ್ರಂಕ್ ಕಾಲ್ ಮಾಡುತ್ತಿದ್ದಳು. ಈಗ ಬಸುರಿ, ದೂರದ ಬಸ್ಸು ಬೇಡ ಎಂದಿದ್ದರು. ಹೊಸ ಮನೆಯನ್ನು ಅವಳು ನೋಡಿರಲಿಲ್ಲ. ನಾವು ಬಂದದ್ದೇ ಅವಳ ಫೋನು ನಿಂತುಹೋಯಿತು. ಸಂತೆಯ ದಿನ ಅಮ್ಮ ಫೋನಿನ ಪಕ್ಕ ಕೂತರೆ ಅನ್ನ ಸೀದರೂ ಏಳುತ್ತಿರಲಿಲ್ಲ.

ಲೈನ್‌ಮನ್ ಬಂದು ನೋಡಿ, ಲೈನು ಚೆನ್ನಾಗಿದೆ ಎಂದು ಕಾಫಿ ಕುಡಿದು ಹೋದ. ಅಷ್ಟರಲ್ಲಿ ಹೊಸನಗರದಿಂದ ಸೋದರಮಾವನ ಫೋನು ಬಂತು, ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಹೇಗೆ ಸಿಕ್ಕಿತು ಎಂದೆ. "ಇಲ್ಲಿ ಆಪರೇಟರ್ ಹೊಸಬ, ನಿಮ್ಮ ನಂಬರ್ ಅವ್ನಿಗೆ ಗೊತ್ತಿಲ್ಲ. ನಿನ್ನಪ್ಪನ ಹೆಸರು ಹೇಳ್ದೆ, ಸಾಗರದವ್ರನ್ನ ಕೇಳಿ ಕೊಟ್ಟ," ಎಂದ ಮಾವ.

ಆಗ ತಲೆಗೆ ಹೊಳೆಯಿತು. ತೀರ್ಥಹಳ್ಳಿಯ ಆಪರೇಟರಿಗೆ ಫೋನು ಹಚ್ಚಿ, ಅಕ್ಕನ ಹೆಸರು ಹೇಳಿ, ನಮ್ಮ ಮನೆ ನಂಬರ್ ಎಷ್ಟು ಎಂದೆ. ಹಳೆಯದನ್ನು ಪಟಪಟನೆ ಹೇಳಿದರು. "ನಿಮ್ಮನೆದು ಕೇಳ್ಬೇಕಾ ಮಾರಾಯ್ರೆ, ಬಾಯಿಪಾಠ! ನಿಮ್ಮಕ್ಕ 'ಅಮ್ಮನ ಮನೆ' ಅಂದ್ರೆ ಸಾಕು, ಸಾಗರದವ್ರಿಗೆ ನಾನೇ ನಂಬರ್ ಹೇಳ್ತೀನಿ." ಅಷ್ಟು ಅಕ್ಕರೆಯ ಮನುಷ್ಯನಿಗೆ ಹೊಸ ನಂಬರ್ ಕೊಟ್ಟು, ದಯವಿಟ್ಟು ಹಳೆಯದನ್ನು ಮರೆತುಬಿಡಿ ಎಂದು ಬೇಡಿಕೊಳ್ಳಬೇಕಾಯಿತು.

ಮುಂದಿನ ಸಂತೆಗೆ ಅಕ್ಕ ಸಿಕ್ಕಳು. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನೂ ಕಿವಿ ಹಚ್ಚಿದ್ದೆ.

"ಪ್ರತೀ ಸಲ ಬೆಲ್ ಆಗ್ತಿತ್ತಮ್ಮ, ಯಾರೂ ಎತ್ತುತ್ತಿರ್ಲಿಲ್ಲ. ಆದ್ರೂ ಇಡೋಕೆ ಮನಸ್ಸಾಗ್ತಿರ್ಲಿಲ್ಲ. ಈಗ ಅಮ್ಮ ಒಲೆ ಮುಂದಿಂದ ಎದ್ಲು, ಈಗ ನಡುಮನೆ ದಾಟಿದ್ಲು ಅಂತ ಕೇಳ್ತಾ ನಿಂತಿರ್ತಿದ್ದೆ."

ಅಮ್ಮ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿದಳು. ಅಕ್ಕ ಕೇಳಿದಳು: "ಈಗ ಎಲ್ಲಿ ನಿಂತಿದ್ದಿ ಅಮ್ಮಾ?"

ಅಮ್ಮ ಸುತ್ತಲೂ ನೋಡಿದಳು. ಸುಣ್ಣದ ವಾಸನೆ ಇನ್ನೂ ಹೋಗಿರದ ಗೋಡೆ, ಒಂದು ಕಿಟಕಿ.

"ಹೆಂಗೆ ಹೇಳ್ಲಿ ಕಣೇ," ಎಂದಳು, "ನೀನು ಓಡಾಡದಿರೋ ಮನೆ ಇದು."